ನೀನೇ ಒತ್ತಬೇಕಿದ್ದ ಬಟನ್

ಮಾರ್ಚ್ ೧೨, ಭಾನುವಾರ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಭಾವನ ಬಾಯಿಂದ ತಿಳಿಯುತ್ತಿದೆ, ನಿನ್ನ ಬಾಯಿಂದಲ್ಲ. ಬರೆಯುವುದು ತಡವಾಯಿತು, ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು, ಧೈರ್ಯವಿರಲಿಲ್ಲ. ಕೈಬರಹವಾದರೆ ಭಾವನೇ ಓದಿ ಹೇಳಬೇಕು, ಅದಕ್ಕೇ ಟೈಪ್ ಮಾಡಿದ್ದೇನೆ. ನಿನ್ನ ಫೋನೇ ಓದಿ ಹೇಳಲಿ.

ಉಣ್ಣೆ ಅಂಗಡಿ ಹೇಗೋ ನಡೆದಿದೆ. ವೆಬ್‌ಸೈಟಿನ ಚಿತ್ರಗಳಿಗೆಲ್ಲ ವಿವರಣೆ ಬರೆದು ಮುಗಿಸಿದೆ. ಮೊದಲ ಸಲ ನೀನು ತೆರೆದಾಗ ಫೋನು "ಚಿತ್ರ, ಚಿತ್ರ, ಚಿತ್ರ" ಎಂದು ಜಪ ಮಾಡಿತ್ತಲ್ಲ, "ಏನೋ ಇದು, ಅಂಗಡಿ ತುಂಬ ಮುಚ್ಚಿದ ಡಬ್ಬಗಳೇನಾ?" ಎಂದು ನಕ್ಕಿದ್ದೆ ನೀನು. ನಾನು ಹುರುಪಿನಲ್ಲಿ "ಮೆತ್ತನೆ ಉಣ್ಣೆ, ಮುಟ್ಟಿದರೆ ಬೆಣ್ಣೆ" ಅಂತ ಬರೆದೆ. "ಲೋ ಪ್ರಾಸಪ್ಪ, ಬೆಣ್ಣೆ ಆಮೇಲೆ ಹಚ್ಚು. ಬಣ್ಣ ಯಾವ್ದು, ಎಳೆ ಎಷ್ಟು ದಪ್ಪ, ಒಗೆದ್ರೆ ಕುಗ್ಗುತ್ತಾ, ಅದನ್ನ ಹೇಳು" ಎಂದು ನೀನು ಬೈದೆ. ಪ್ರಾಸ ಹೋಯಿತು, ಗಿರಾಕಿಗಳು ಬಂದರು. "ಮದುವೆಯಾದಾಗಿಂದ ನಾನು ಬಡ್ಕೊಂಡಿದ್ದೂ ಅದೇ" ಎಂದಳು ನನ್ನವಳು.

ಆದರೆ ಆ ದಿನದ ಮಾತು ಆಡಲೇಬೇಕು. "ಇವತ್ತು ನಾನೇ ಆರ್ಡರ್ ಮಾಡ್ತೀನಿ, ಯಾರೂ ಮೂಗು ತೂರಿಸ್ಬೇಡಿ" ಎಂದು ನೀನು ಗಲ್ಲಾದ ಪಕ್ಕ ಕೂತೆ. ಕಣ್ಣು ಹೋದಮೇಲೆ ಯಾರ ನೆರವೂ ಇಲ್ಲದೆ ನೀನು ಕೊಳ್ಳಲು ಹೊರಟ ಮೊದಲ ವಸ್ತು ಅದು. ನೀನೇ ಉಣ್ಣೆ ಆರಿಸಿದೆ, ನೀನೇ ವಿಳಾಸ ತುಂಬಿದೆ. ಕೊನೆಯಲ್ಲಿ ಫೋನು ಬರೀ "ಬಟನ್" ಎಂದಿತು. ಯಾವ ಬಟನ್, ಎಂಥ ಬಟನ್, ಸುಳಿವೇ ಇಲ್ಲ.

"ತಡಿ, ನಾನೇ ನೋಡ್ತೀನಿ" ಎಂದೆ ನೀನು.

ನಾನು ತಡೆಯಲಿಲ್ಲ. ಕೈ ಚಾಚಿ ಒತ್ತಿಯೇಬಿಟ್ಟೆ. ಸಾಲದ್ದಕ್ಕೆ ಚಪ್ಪಾಳೆ ಬೇರೆ ತಟ್ಟಿದೆ! "ಆಯ್ತಲ್ಲ, ಬಿಡು" ಎಂದು ನೀನು ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ದಣಿದಿದ್ದೀಯ ಎಂದುಕೊಂಡೆ.

ಸೈಟ್ ಮಾಡಿಕೊಟ್ಟ ಹುಡುಗಿಗೆ ಹೇಳಿ ಈಗ ಪ್ರತಿ ಬಟನ್‌ಗೂ ಹೆಸರಿಡಿಸಿದ್ದೇನೆ. ನಡೆದದ್ದನ್ನು ಕೇಳಿ ಅವಳೆಂದಳು, "ಸೈಟ್ ಸರಿಹೋಯ್ತು ಸರ್. ಪಕ್ಕದಲ್ಲಿ ಕೂರೋರನ್ನ ಸರಿ ಮಾಡೋ ವಿದ್ಯೆ ನನಗೆ ಬರಲ್ಲ."

ಒಮ್ಮೆ ನೋಡು ಅಕ್ಕ. ನಿಮ್ಮ ಮನೆಯಿಂದಲೇ ನೋಡು, ನಾನು ಫೋನ್ ಮಾಡಿ "ಆಯ್ತಾ?" ಎಂದೂ ಕೇಳುವುದಿಲ್ಲ. ಭಾವನಿಗೆ ನಮಸ್ಕಾರ. ನಿನ್ನ ಆಶೀರ್ವಾದವಿರಲಿ, ಬೈಗುಳವಾದರೂ ಸರಿ, ನಿನ್ನ ಬಾಯಿಂದ ಬಂದರೆ ಸಾಕು.

ನಿನ್ನ ತಮ್ಮ,
ಪ್ರಾಸಪ್ಪ

ತಾ.ಕ.: ನೀನೀಗ ಉಣ್ಣೆ ತರಿಸುವುದು ಬೇರೆ ಅಂಗಡಿಯಿಂದ ಎಂದು ಭಾವ ಬಾಯಿತಪ್ಪಿ ಹೇಳಿದರು. ವ್ಯಾಪಾರ ಹೋದರೆ ಹೋಗಲಿ. ತಡೆಯಲಾರದೆ ಅವರ ಸೈಟ್ ತೆರೆದು ನೋಡಿದೆ. ಗಿರಾಕಿಗಳ ಅಭಿಪ್ರಾಯಗಳಲ್ಲಿ ನಿನ್ನ ಹೆಸರಿತ್ತು. ಐದಕ್ಕೆ ಐದು ನಕ್ಷತ್ರ ಕೊಟ್ಟು ಒಂದೇ ಸಾಲು ಬರೆದಿದ್ದೀಯ: "ಇಲ್ಲಿ ಯಾರೂ ನನಗೆ ಸಹಾಯ ಮಾಡಲಿಲ್ಲ."