ಹಗೇವಿನಲ್ಲಿ ಮಲಗಿದ ವೈನ್

ಕಟ್ಟಾಯ

ಅಳಿಯಂದಿರಾದ ಚಿ. ಶಶಿಕುಮಾರ್ ಅವರಿಗೆ ಪುಟ್ಟತಾಯಮ್ಮನ ಆಶೀರ್ವಾದಗಳು.

ಫೋನಿನಲ್ಲಿ ಹೇಳಲು ಹೋದರೆ ನಕ್ಕುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ವೈನಿನ ರುಚಿ ನೋಡಲು ಬರುತ್ತೀರಂತೆ, ಬನ್ನಿ. ಕೋಳಿ ಸಾರು ಮಾಡಿರುತ್ತೇನೆ. ಆದರೆ ಬಂದವರೇ ಹಿತ್ತಿಲ ಹಗೇವಿಗೆ ಇಳಿಯಬೇಡಿ. ನಾವು ರಾಗಿ ತುಂಬುತ್ತಿದ್ದ ಗುಂಡಿ ಅದು. ನೆಲದೊಳಗೆ ತಂಪಾಗಿರುತ್ತದೆಂದು ಫ್ರಾನ್ಸಿನ ಬಾಟಲಿಗಳನ್ನು ನೀವು ಅಲ್ಲಿ ಹುಲ್ಲು ಹಾಸಿ ಮಲಗಿಸಿದಿರಿ. ಅಳಿಯಂದಿರು ಕೇಳಿದ್ದಕ್ಕೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಈ ಮಳೆಗೆ ನೀರು ಜಿನುಗಿ ಹುಲ್ಲು ಕೊಳೆತಿದೆ. ಪಕ್ಕದ ಮನೆಯ ದೇವರಾಜು ನಿನ್ನೆ ಹಗ್ಗ ಕಟ್ಟಿ ಲಾಟೀನು ಇಳಿಸಿ ನೋಡಿದ. "ದೀಪ ನಿಲ್ತಿಲ್ಲ ಕಣಕ್ಕ, ಒಳಗೆ ಗಾಳಿ ಕೆಟ್ಟೋಗದೆ, ಯಾರೂ ಇಳೀಬ್ಯಾಡಿ" ಎಂದ.

ನಿಮ್ಮ ಮಾವನವರು ಹೇಗೆ ಹೋದರೆಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ದೀಪ ಇಳಿಸದೆ ಅವರು ಇದೇ ಹಗೇವಿಗೆ ಇಳಿದರು. ಕೂಗಿದರೆ ಓಗೊಡಲಿಲ್ಲವೆಂದು ಹಿಂದೆಯೇ ನನ್ನ ಮೈದುನ ಇಳಿದ. ಅವನೂ ಜೀವಂತ ಮೇಲೆ ಬರಲಿಲ್ಲ. ನೀವು ಓಗೊಡದಿದ್ದರೆ ನನ್ನ ಮಗಳು ಧನ್ಯಾ ಮೇಲೆ ನಿಲ್ಲುವವಳಲ್ಲ.

ಹೋದ ವರ್ಷ ಅವಳು ಒಂದು ಗುಟುಕಿಗೇ ಮುಖ ಕಿವುಚಿದಾಗ, ಈ ವೈನಿನ ಒಗರು ಇಳಿದು ಹದಕ್ಕೆ ಬರಲು ಹತ್ತು ವರ್ಷ ಕಾಯಬೇಕೆಂದವರು ನೀವೇ. ನನಗಾಗಿ ಒಂದು ದಿನ ಕಾಯಿರಿ. ಕೆಟ್ಟ ಗಾಳಿ ಹೋಗಲೆಂದು ಹಗೇವಿನ ಬಾಯಿಯ ಚಪ್ಪಡಿ ತೆಗೆಸಿಡುತ್ತೇನೆ. ದೀಪ ಆರದೆ ನಿಂತ ಮೇಲೂ ಮೊದಲು ಇಳಿಯುವವಳು ನಾನು. ಯಾವ ಬಾಟಲಿ ಬೇಕೆಂದು ಮೇಲಿನಿಂದ ಕೂಗಿ ಹೇಳಿ. ನಾನು ಓಗೊಡದಿದ್ದರೆ ಧನ್ಯಾಳ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ.

ಇಂತಿ ನಿಮ್ಮ ಅತ್ತೆ,
ಪುಟ್ಟತಾಯಮ್ಮ