ಇಪ್ಪತ್ಮೂರು ಸಾಲಿನ ಹ್ಯಾಂಡ್‌ಬಿಲ್

ಧಾರಾವಿ, ಮುಂಬಯಿ
ಗುರುವಾರ, ೧೬-೨-೧೯೮೯

ಪ್ರೀತಿಯ ರಾಚವ್ವಾ,

ಮೊದಲು ನಿನ್ನ ಉಸಿರಿನ ಸಮಾಚಾರ ಬರೆ, ಮಿಕ್ಕಿದ್ದೆಲ್ಲ ಆಮೇಲೆ. ಅಥಣಿಯಿಂದ ನಿನ್ನ ಅಣ್ಣ ದಾನಪ್ಪನವರ ಕಾರ್ಡು ಸೋಮವಾರ ಬಂತು. ನೀನು ಈಗ ಗೋಡೆಗೆ ಒರಗಿ ಕೂಡದೆ ಹಾಸಿಗೆಯಲ್ಲಿ ಅಂಗಾತ ಮಲಗುತ್ತೀ, ಎರಡು ಕೊಡ ನೀರು ತಂದರೂ ಏದುಸಿರು ಬರುವುದಿಲ್ಲ ಎಂದು ಬರೆದಿದ್ದಾರೆ. ಆ ಎರಡು ಸಾಲನ್ನು ನಾನು ನಮ್ಮ ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಓದಿ ಬಂದೆ. ನನ್ನ ಕಂಠ ನಿನಗೆ ಗೊತ್ತೇ ಇದೆ, ಕೇಳಿಸಿಕೊಳ್ಳದೆ ಉಳಿದವರು ಯಾರೂ ಇರಲಾರರು. ಪಕ್ಕದ ಗಂಗುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅವಳನ್ನು ಅವಸರ ಮಾಡಿ ಕರೆಸಬೇಡ ಎಂಬ ಅರ್ಥದಲ್ಲಿ, “ಭಾವೂ, ಘಾಯಿ ಕರೂ ನಕೋ” ಎಂದು ಮೂರು ಸಲ ಹೇಳಿದಳು. ನನ್ನ ಊಟದ ಚಿಂತೆ ಮಾಡಬೇಡ. ಅವಳೇ ದಿನಾ ಎರಡು ಭಾಕ್ರಿ ಕಳಿಸುತ್ತಾಳೆ. ನಿನ್ನ ಕೈಯ ರೊಟ್ಟಿಯಷ್ಟು ತೆಳ್ಳಗಿಲ್ಲ ಎಂದು ಅವಳೆದುರಿಗೆ ಹೇಳುವಷ್ಟು ಮೂರ್ಖ ನಾನಲ್ಲ.

ಈಗ ಸಮಾಚಾರ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು, ಕಾಲು ಚಾಚಿ ಕುಳಿತು ಓದು. ಇಪ್ಪತ್ಮೂರು ಸಾಲಿನ ನನ್ನ ಹ್ಯಾಂಡ್‌ಬಿಲ್ಲು, ಆ ಗುಲಾಬಿ ಬಣ್ಣದ ಕಾಗದ, ಸಯನ್ನಿನಿಂದ ದಹಿಸರದವರೆಗೆ ಪ್ರತಿ ಕನ್ನಡ ಸಂಘದ ಗೋಡೆಗೆ ನಾನೇ ಅಂಟು ಹಚ್ಚಿ ಮೆತ್ತಿ ಬಂದದ್ದು, ಅದು ಸತ್ತು ಮೂರು ವಾರವಾಯಿತು. ‘ನಾಟಕಕ್ಕೆ ಬೇಕಾದ ಸಮಸ್ತವೂ ಒಂದೇ ಫೋನಿಗೆ’ ಎಂದು ಮೇಲೆ ಮೆರೆಯುತ್ತಿತ್ತಲ್ಲ, ಕೆಳಗೆ ಉಡುಪು, ಕಿರೀಟ, ಗಡ್ಡ ಮೀಸೆ, ಪರದೆ, ಹಾರ್ಮೋನಿಯಂ, ಪ್ರಾಂಪ್ಟಿಂಗು, ಕುರ್ಚಿ, ಚಹಾದ ಥರ್ಮಾಸು, ಕೊನೇ ಗಳಿಗೆಯಲ್ಲಿ ಕೈಕೊಟ್ಟ ನಟನ ಬದಲಿಗೆ ನಟ, ಮದುವೆಗೆ ರುಮಾಲು ಸುತ್ತುವುದು, ಶಾಲೆಯ ಗ್ಯಾದರಿಂಗಿಗೆ ಹುಲಿ ಕರಡಿಯ ವೇಷ. ಫೋನೋ, ಕಾಶಪ್ಪನ ಕಿರಾಣಿ ಅಂಗಡಿಯದು. ಅವನು ಅಕ್ಕಿ ತೂಗುತ್ತಲೇ “ಅಣವೀರಪ್ಪಾ, ಫೋನ್ ಬಂದೈತಿ ನೋಡೋ, ಯಾರಿಗೋ ನಾಳೆ ಮುಂಜಾನಿ ಎರಡು ಹುಲಿ ಬೇಕಂತ” ಎಂದು ಕೂಗಿದರೆ ನಾನು ಓಡುತ್ತಿದ್ದೆ, ಓಡಿಹೋಗಿ ಆಗಲಿ ಎನ್ನುತ್ತಿದ್ದೆ. ಇರುವುದು ಒಂದೇ ಹುಲಿಯಾದರೂ ಆಗಲಿ ಎನ್ನುತ್ತಿದ್ದೆ. “ಇಲ್ಲಾ ಅನ್ನೂದನ್ನ ನಿಮ್ಮ ನಾಟಕ ಕಂಪನ್ಯಾಗ ಯಾರೂ ಕಲಿಸಲಿಲ್ಲೇನ್ರೀ?” ಎಂದು ಇನ್ನೊಂದು ಹುಲಿಗೆ ಪಟ್ಟೆ ಹೊಲಿಯುತ್ತ ಕೂತು ನೀನು ಕೇಳಿದ್ದು ಈಗಲೂ ಕಿವಿಯಲ್ಲಿದೆ.

ಕಲಿಸಿರಲಿಲ್ಲ. ಹದಿನಾಲ್ಕು ಟ್ರಂಕು, ಸುತ್ತಿಟ್ಟ ಏಳು ಪರದೆ, ಗಡ್ಡ ಮೀಸೆಯ ನಾಲ್ಕು ಗೋಣಿಚೀಲ, ಇವೆಲ್ಲ ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಸೂರು ಮುಟ್ಟಿ ನಿಂತಿದ್ದವು. ಅವುಗಳ ನಡುವೆ ಒಂದು ಚಾಪೆಯಗಲದ ಜಾಗದಲ್ಲಿ ನೀನು ಮಂಡಿ ಮಡಿಸಿ ಕೂತು ಬೆಳಗು ಮಾಡುತ್ತಿದ್ದೆ. ಆ ಗಡ್ಡ ಮೀಸೆಯ ಉಣ್ಣೆಯ ನಾರು, ಚೀಲದ ಸಣಬಿನ ಧೂಳು ನಿನ್ನ ಎದೆಗೆ ಇಳಿಯುತ್ತಿದ್ದರೆ ನಾನು ಟ್ರಂಕಿನ ಮೇಲೆ ನಿಂತು ಇಪ್ಪತ್ನಾಲ್ಕನೆಯ ಸಾಲು ಯಾವುದಿರಲಿ ಎಂದು ಯೋಚಿಸುತ್ತಿದ್ದೆ. ದೀಪಾವಳಿಗೆ ಮುಂಚೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಕೋಣೆಯಲ್ಲಿ ಇರಬೇಕಾದ್ದು ನಿಮ್ಮ ಸಾಮಾನೋ ನಿಮ್ಮ ಹೆಂಡತಿಯೋ ನೀವೇ ನಿರ್ಧರಿಸಿ ಅಂದರಲ್ಲ, ಆಗಲೂ ನಾನು ಒಂದು ಟ್ರಂಕನ್ನೂ ಹೊರಗೆ ಹಾಕಲಿಲ್ಲ. ನಿನ್ನನ್ನು ಅಥಣಿಗೆ ಕರೆದೊಯ್ಯಲು ದಾನಪ್ಪನವರೇ ಬಂದರು. ಮಿರಜ್ ಗಾಡಿಯ ಕಿಟಕಿಯಿಂದ ಅವರು, “ಟ್ರಂಕು ಹೊರಗ ಹ್ವಾದ ದಿನಾ ನಮ್ಮ ತಂಗಿ ಒಳಗ ಬರತಾಳ” ಎಂದರು.

ಹಾಗಾದರೆ ಈಗ ಬುದ್ಧಿ ಬಂದದ್ದು ಹೇಗೆ ಎನ್ನುತ್ತೀಯಾ. ಜನವರಿ ಇಪ್ಪತ್ತೆರಡರ ಭಾನುವಾರ, ಮಧ್ಯಾಹ್ನ ಮೂರು ಗಂಟೆ, ಸಯನ್ನಿನ ಒಂದು ಶಾಲೆಯ ಹಾಲು. ಅಲ್ಲಿನ ಸಂಘದವರ ಸಾಮಾಜಿಕ ನಾಟಕ. ನಾಯಕ ಯಾರು ಬಲ್ಲೆ, ಬ್ಯಾಂಕಿನ ಶಾಮಣ್ಣ, ಮೈಸೂರಿನ ಕಡೆಯವನು, ನೀನು ಒಮ್ಮೆ ಕೋಟಿಗೆ ಗುಂಡಿ ಹಚ್ಚಿಕೊಟ್ಟಿದ್ದೆಯಲ್ಲ, ಅವನೇ. ಒಳ್ಳೇ ಹುಡುಗ, ಒಳ್ಳೇ ಮುಖ, ಆದರೆ ಮಾತು ಒಂದೂ ಬಾಯಿಪಾಠವಿಲ್ಲ. ಆಫೀಸಿನಿಂದ ಲೋಕಲ್ಲಿನಲ್ಲಿ ನೇತಾಡಿಕೊಂಡು ತಾಲೀಮಿಗೆ ಬರುವವರು ಯಾವಾಗ ಓದುತ್ತಾರೆ ಪಾಪ, ಪರದೆಯ ಸಂದಿಯಿಂದ ನಾನು ಹೇಳಿದ್ದನ್ನು ಅಕ್ಷರ ಬಿಡದೆ ಹೇಳುತ್ತಾರೆ. ಆ ದಿನ ನಾನು ಒಪ್ಪಿಕೊಂಡದ್ದು ಬಣ್ಣ, ಉಡುಪು, ಪರದೆಯ ಹಗ್ಗ, ಹಾರ್ಮೋನಿಯಂ, ಪ್ರಾಂಪ್ಟಿಂಗು, ಚಹಾ. ಸಂಜೆಗೆ ದಹಿಸರದಲ್ಲಿ ಬೇರೊಂದು ಸಂಘದ ರಾಜನ ನಾಟಕದ ತಾಲೀಮು. ಎರಡೂ ನಾಟಕವನ್ನು ನಾನೇ ಕಂದು ರಟ್ಟಿನ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಎರಡೂ ಒಂದೇ ಚೀಲದಲ್ಲಿದ್ದವು.

ಎರಡನೇ ಅಂಕ. ಜಗಳವಾಡಿ ತವರಿಗೆ ಹೋದ ಹೆಂಡತಿಯನ್ನು ಕರೆಯಲು ಅಳಿಯ ಮಾವನ ಮನೆಗೆ ಬಂದಿದ್ದಾನೆ. ಮಾವ ಆರಾಮಕುರ್ಚಿಯಲ್ಲಿ ಪೇಪರು ಓದುತ್ತಿದ್ದಾನೆ. ಶಾಮಣ್ಣ ಹೇಳಬೇಕಾದ ಮಾತು, “ಮಾವಾ, ನನ್ನದು ತಪ್ಪಾಯಿತು, ನಿಮ್ಮ ಮಗಳನ್ನು ನನ್ನ ಜೊತೆ ಕಳಿಸಿಕೊಡಿ.” ಅಷ್ಟೇ. ನಾನು ಪರದೆಯ ಹಗ್ಗ ಕಟ್ಟಿ, ಹಾರ್ಮೋನಿಯಂ ಮುಚ್ಚಿ, ಥರ್ಮಾಸಿನ ಬಿರಡೆ ಹಾಕಿ, ಓಡಿಬಂದು ಚೀಲಕ್ಕೆ ಕೈ ಹಾಕಿ ಬುಕ್ಕು ತೆಗೆದೆ. ಕನ್ನಡಕ ಹಣೆಯ ಮೇಲಿತ್ತು. ಅದನ್ನು ಇಳಿಸುವಷ್ಟು ಪುರುಸೊತ್ತೂ ಇಲ್ಲದೆ, ಕಣ್ಣಿಗೆ ಬಿದ್ದ ಮೊದಲ ಪದ ಹಿಡಿದು ಉಳಿದದ್ದನ್ನು ನೆನಪಿನಿಂದ ಹೇಳಿದೆ. ಶಾಮಣ್ಣ ಎರಡು ಹೆಜ್ಜೆ ಮುಂದೆ ಬಂದು, ಪ್ಯಾಂಟು ಶರ್ಟಿನಲ್ಲಿ, ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣ ಹಿಡಿದುಕೊಂಡು, “ಎಲವೋ ರಾಜದ್ರೋಹಿ, ಸಿಂಹಾಸನದಿಂದ ಕೆಳಗಿಳಿ. ಕಿರೀಟ ಹೊತ್ತ ಆ ತಲೆ ಇನ್ನು ನಿನ್ನ ಹೆಗಲಿಗೆ ಭಾರ” ಎಂದ. ಮಾವನ ಪಾತ್ರದವನು ನಿಧಾನಕ್ಕೆ ಪೇಪರು ಇಳಿಸಿ ತನ್ನ ಬೋಳು ತಲೆ ಮುಟ್ಟಿ ನೋಡಿಕೊಂಡ. ಆಮೇಲೆ, ದೇವರಾಣೆ ರಾಚವ್ವಾ, ಎದ್ದು ನಿಂತ. ನಾನು ಹೇಳುತ್ತಲೇ ಇದ್ದೆ, ಶಾಮಣ್ಣ ಅನ್ನುತ್ತಲೇ ಇದ್ದ, ಬಾಳೆಹಣ್ಣು ಖಡ್ಗವಾಯಿತು. ಮೂರು ನಿಮಿಷ ಆ ಹಾಲಿನಲ್ಲಿ ಎದ್ದ ನಗೆ ಕಂಪನಿಯ ಕಾಲದಲ್ಲೂ ನಾನು ಕೇಳಿರಲಿಲ್ಲ, ಅದು ನಾಟಕಕ್ಕೆ ಬಿದ್ದ ನಗೆಯಾಗಿರಲಿಲ್ಲ ಅಷ್ಟೇ. ಒಂದು ತಿಂಗಳು ತಾಲೀಮು ಮಾಡಿದ ಆ ಮಂದಿ ತಲೆ ತಗ್ಗಿಸಿಕೊಂಡು ಬಣ್ಣ ಒರೆಸಿಕೊಂಡರು. ಬೈಯುತ್ತಾನೆ ಅಂದುಕೊಂಡೆ, ಶಾಮಣ್ಣ ಬೈಯಲೂ ಇಲ್ಲ. “ನೀವು ಹೇಳ್ದಂಗೇ ಹೇಳ್ದೆ ಸಾರ್. ನಾಟ್ಕಾನೇ ಬದಲಾಯಿಸ್ಬಿಟ್ರೇನೋ ಅನ್ಕೊಂಡೆ” ಎಂದ, ಅಷ್ಟೇ. ನಾನು ಅಲ್ಲೇ ಥರ್ಮಾಸಿನ ಪಕ್ಕ ಕೂತೆ. ಶಾಮಣ್ಣನ ಬಾಯಿಗೆ ಬಾರದೆ ಹೋದ, ತಪ್ಪಾಯಿತು ಕಳಿಸಿಕೊಡಿ ಎಂಬ ಮಾತು ನೆನಪಾಯಿತು. ಅಥಣಿಗೆ ಹೋಗಿ ದಾನಪ್ಪನವರ ಮುಂದೆ ನಿಂತು ನಾನು ಹೇಳಬೇಕಾಗಿದ್ದ ಮಾತೂ ಅದೇ ಆಗಿತ್ತು.

ಮರುದಿನ ಕಾಶಪ್ಪನ ಅಂಗಡಿಯ ಸಕ್ಕರೆ ಮೂಟೆಯ ಮೇಲೆ ಕೂತು ಎಲ್ಲ ಸಂಘಗಳಿಗೂ ನಾನೇ ಫೋನು ಹಚ್ಚಿದೆ. ಮೂವತ್ತು ವರ್ಷದಲ್ಲಿ ಅವರಿಗೆ ಒಂದು ಪ್ರಶ್ನೆ ಕೇಳಿರಲಿಲ್ಲ, ಈಗ ಕೇಳಿದೆ: ನನ್ನಿಂದ ನಿಮಗೆ ನಿಜಕ್ಕೂ ಬೇಕಾದ್ದು ಏನು. ಒಬ್ಬೊಬ್ಬರೇ ಬಾಯಿ ಬಿಟ್ಟರು. ಕುರ್ಚಿ ಶಾಲೆಯಲ್ಲೇ ಇರುತ್ತವೆ. ಹಾರ್ಮೋನಿಯಂ ಬೇಡ, ಟೇಪ್ ಇದೆ. ಪರದೆ ಎಳೆಯಲು ಜಾಗವಿಲ್ಲ. ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ವರ್ಷವರ್ಷವೂ ತರಿಸುತ್ತಿದ್ದರಂತೆ. ದಹಿಸರದ ವನಮಾಲಾಬಾಯಿ, ಧಾರವಾಡದವಳು, ಮುಚ್ಚುಮರೆ ಇಲ್ಲದ ಹೆಣ್ಣುಮಗಳು, “ಅಣವೀರಪ್ಪಾರ, ಬಣ್ಣಾ ನೀವು ಹಚ್ಚರಿ. ನಿಮ್ಮ ಕೈ ಬಿದ್ರ ನಮ್ಮ ಕಾರಕೂನ ಸೈತ ರಾಜಾ ಆಗತಾನ. ಉಳಿದದ್ದು ನೀವು ಮಾಡೂದು ನೋಡಿದ್ರ ನಮಗ ದಣಿವಾಗತೈತಿ” ಎಂದಳು. ಶಾಮಣ್ಣ, “ಮೇಕಪ್ ಮಾತ್ರ ಸಾರ್, ದಯವಿಟ್ಟು” ಎಂದ. ಆ ದಯವಿಟ್ಟಿನಲ್ಲಿ ಎಲ್ಲಾ ಇತ್ತು. ಅವಮಾನವಾಗಬೇಕಿತ್ತು ನನಗೆ. ಆಗಲಿಲ್ಲ. ಯಾರೋ ಹಿಂದಿನಿಂದ ಬಂದು ತಲೆಯ ಮೇಲಿನ ಹೊರೆಯನ್ನು ಇಳಿಸಿ, ಹೋಗಪ್ಪಾ ಮನೆಗೆ ಎಂದ ಹಾಗಾಯಿತು.

ಅಲ್ಲಿಂದ ಒಂದು ವಾರ ನಮ್ಮ ಗಲ್ಲಿಯಲ್ಲಿ ದಿನಾ ಮೆರವಣಿಗೆ. ಹುಲಿ ಕರಡಿಗಳು ದಹಿಸರದ ಒಂದು ಶಾಲೆಗೆ ಟೆಂಪೋ ಹತ್ತಿ ಹೋದವು. ಕಿರೀಟ, ಖಡ್ಗ, ಸಿಂಹಾಸನಗಳನ್ನು ಪರೇಲಿನ ಒಬ್ಬರು ಮರಾಠಿ ನಾಟಕದವರು ಒಯ್ದರು. ಸಿಂಹಾಸನ ನಮ್ಮ ಬಾಗಿಲು ದಾಟಲಿಲ್ಲ, ಕಾಲು ಮುರಿದೇ ಕಳಿಸಿದ್ದು. ಅರಮನೆಯ ಪರದೆಯನ್ನು ಒಂದು ಸಲ ಬಿಚ್ಚಿ ನೋಡಿ ಅವರಿಗೇ ಕೊಟ್ಟೆ. ಕಾಡಿನ ಪರದೆಯನ್ನು ಗಂಗುಬಾಯಿ ಮಳೆಗಾಲಕ್ಕೆ ಮುಂಚೆಯೇ ತನ್ನ ತಗಡಿನ ಮೇಲೆ ಹಾಸಿ ಇಟ್ಟಿಗೆ ಹೇರಿದ್ದಾಳೆ, ಮೇಲಿನ ಮಾಳಿಗೆಯವರು ಬಗ್ಗಿದರೆ ಧಾರಾವಿಯ ನಡುವೆ ಘೋರಾರಣ್ಯ ಕಾಣುತ್ತದೆ. ಕಷ್ಟವಾದದ್ದು ಗಡ್ಡ ಮೀಸೆಯ ಚೀಲ. ಮೂರು ಕೊಟ್ಟು ಒಂದನ್ನು ಬಾಗಿಲ ಹಿಂದಿನ ಮೂಲೆಗೆ ನೂಕಿದ್ದೆ, ಸುಳ್ಳು ಹೇಳುವುದಿಲ್ಲ. ಎರಡು ದಿನವಾದ ಮೇಲೆ ನೆಲ ಗುಡಿಸುವಾಗ ನನಗೇ ಒಂದು ಕೆಮ್ಮು ಬಂತು. ಕಸಬರಿಗೆಯನ್ನು ಅಲ್ಲೇ ಬಿಟ್ಟು, ಚೀಲ ಎಳೆದು ಹೆಗಲಿಗೇರಿಸಿಕೊಂಡು ಹೋಗಿ ಅದನ್ನೂ ಕೊಟ್ಟು ಬಂದೆ. ಗೋಡೆಗೆ ಎರಡು ಕೈ ಸುಣ್ಣ ಬಳಿಸಿದ್ದೇನೆ. ಹಿಂದಿನ ಕಿಟಕಿ ಈಗ ತೆರೆಯುತ್ತದೆ ರಾಚವ್ವಾ. ಹನ್ನೊಂದು ವರ್ಷ ಅಲ್ಲೊಂದು ಕಿಟಕಿ ಇರುವುದನ್ನೇ ನಾನು ಮರೆತಿದ್ದೆ. ಈಗ ನನ್ನ ವ್ಯಾಪಾರವೆಲ್ಲ ಒಂದು ಬಣ್ಣದ ಪೆಟ್ಟಿಗೆ, ಮುಚ್ಚಳ ಹಾಕಿದರೆ ಗೂಡಿನಲ್ಲಿ ಕೂರುತ್ತದೆ.

ಮೊನ್ನೆ ಭಾನುವಾರ ದಹಿಸರದ ರಾಜನ ನಾಟಕ. ಹನ್ನೊಂದು ಮುಖಕ್ಕೆ ಬಣ್ಣ ಹಚ್ಚಿದೆ, ಸಾವಕಾಶ, ಒಂದೊಂದು ಹುಬ್ಬಿಗೂ ಹೊತ್ತು ಕೊಟ್ಟು. ಎರಡೂವರೆಗೆ ಕೆಲಸ ಮುಗಿಯಿತು. ಇನ್ನೇನು ಮಾಡಲಿ ಎಂದು ತಿಳಿಯದೆ ಹೋಗಿ ನಾಲ್ಕನೇ ಸಾಲಿನಲ್ಲಿ ಕೂತೆ. ಹುಟ್ಟಿದಾಗಿನಿಂದ ನಾಟಕವನ್ನು ಪಕ್ಕದಿಂದ ನೋಡಿದವನು ನಾನು. ಮುಂದಿನಿಂದ ನೋಡಿದ್ದು ಅಂದೇ ಮೊದಲು. ಕೊನೆಯ ಅಂಕದಲ್ಲಿ ರಾಜ ಬಿದ್ದ ಸುದ್ದಿ ಕೇಳಿ ರಾಣಿ ಜನರೆದುರಿಗೇ ಹೆರಳು ಎತ್ತಿ ತುರುಬು ಮಾಡಿ, ಸೀರೆಗೆ ಕಚ್ಚೆ ಹಾಕಿ, ಖಡ್ಗ ಹಿಡಿಯಬೇಕು. ಹಿಂದೆ ಮೂರು ಸಲ ಆ ನಾಟಕ ಆಡಿಸಿದ್ದೇವೆ, ಮೂರು ಸಲವೂ ಅಲ್ಲಿ ಚಪ್ಪಾಳೆ ಬಿದ್ದಿತ್ತು. ಅದು ನನ್ನ ಹಾರ್ಮೋನಿಯಂಗೆ ಬಿದ್ದದ್ದು ಎಂದು ನಾನು ತಿಳಿದಿದ್ದೆ. ಈ ಸಲ ರಾಣಿಯಾಗಿದ್ದ ವನಮಾಲಾಬಾಯಿ ಹೆರಳಿಗೆ ಕೈ ಹಾಕಿದಳು. ಸೇರಿಸಿ ಹೆಣೆದ ಚವರಿ ಕೂದಲು ಕೈಗೇ ಬಂತು. ಸೀರೆಯ ನಿರಿಗೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಜಾರಿತು. ಶತ್ರು ಸೈನಿಕರಿಬ್ಬರು ಬಾಡಿಗೆಯ ಕತ್ತಿ ಎತ್ತಿಕೊಂಡು, ಬಸ್‌ ಸ್ಟಾಪಿನಲ್ಲಿ ನಿಂತ ಹಾಗೆ, ಪಾಪ, ಕಾದರು. ಆಟ ಮುಗಿದ ಮೇಲೆ ಅವಳು ಹೇಳಿದಳು: “ರಾಚಕ್ಕಾ ಒಳಗ ಒಂದು ಲಾಡಿ ಇಟ್ಟು ಕಟ್ಟತಿದ್ರು. ಒಂದು ಎಳತಾ ಎಳದ್ರ ತುರುಬು ತಾನಽ ಕೂಡತಿತ್ತು, ಇನ್ನೊಂದು ಎಳದ್ರ ಕಚ್ಚಿ ತಾನಽ ಏರತಿತ್ತು. ನಿಮಗ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ಆಗೆಲ್ಲ ನಾನು ಹಗ್ಗ ಹಿಡಿದು, ಬುಕ್ಕು ಹಿಡಿದು, ನನ್ನ ಗಂಟಲನ್ನು ನಾನೇ ಕೇಳುತ್ತ ನಿಂತಿರುತ್ತಿದ್ದೆ. ಇಪ್ಪತ್ಮೂರು ಸಾಲಿನಲ್ಲಿ ನಿನ್ನ ಆ ಕೈಚಳಕದ ಹೆಸರು ಎಲ್ಲೂ ಇರಲಿಲ್ಲ, ಥರ್ಮಾಸಿನ ಹೆಸರಿತ್ತು.

ಇರಲಿ. ದಾನಪ್ಪನವರಿಗೆ ನನ್ನ ಶರಣು ಹೇಳು, ಟ್ರಂಕು ಹೊರಗೆ ಹೋದವು ಎಂದೂ ಹೇಳು. ಅತ್ತಿಗೆಯವರಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುದ್ದು. ನಿನ್ನ ಎದೆ ಹಗುರವಾಗಿರಲಿ, ಹಸಿವು ಹೊತ್ತಿಗೆ ಸರಿಯಾಗಿ ಬರಲಿ, ನಿದ್ದೆ ಮಲಗಿಯೇ ಆಗಲಿ ಎಂದು ಹರಸುವ,

ನಿನ್ನ
ಅಣವೀರಪ್ಪ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಕಾಶಪ್ಪನ ಕೌಂಟರಿನ ಮೇಲೇ ಬರೆಯುತ್ತಿದ್ದೇನೆ. ಹೊಸ ಕಾರ್ಡು ಪ್ರೆಸ್ಸಿನಲ್ಲಿದೆ. ಒಂದೇ ಸಾಲು, ‘ನಾಟಕದವರಿಗೆ ಬಣ್ಣ ಹಚ್ಚಲಾಗುವುದು: ಅಣವೀರಪ್ಪ.’ ಅದರ ಕೆಳಗೆ ಇನ್ನೊಂದು ಸಾಲಿನ ಜಾಗ ಬಿಡಿಸಿದ್ದೇನೆ. ಸೀರೆ ಉಡಿಸುವುದು, ಹೆರಳು ಕಟ್ಟುವುದು, ನಿನ್ನ ಹೆಸರಿನಲ್ಲಿ. ಸಂಘದವರಿಗೆ ಬರುತ್ತಾಳೆ ಎಂದು ಹೇಳಿಲ್ಲ, ಅವಳನ್ನೇ ಕೇಳಬೇಕು ಎಂದಿದ್ದೇನೆ. ನಿನಗೆ ಮನಸ್ಸಿದ್ದರೆ ಹೂಂ ಅನ್ನು. ಇಲ್ಲವಾದರೆ ಇಲ್ಲ ಅನ್ನು, ಜಾಗ ಖಾಲಿ ಇರಲಿ, ಕಾರ್ಡು ಹಾಗೇ ಅಚ್ಚಾಗುತ್ತದೆ. ಆದರೆ ಆ ಸಾಲಿಗೆ ಇಲ್ಲ ಎಂದರೂ ನೀನು ಬಾ. ಎದೆ ಪೂರಾ ಗುಣವಾದ ಮೇಲೇ ಬಾ, ಆದರೆ ಬಾ. ಗಾಡಿಯ ದಿನ ತಿಳಿಸಿದರೆ ನಾನೇ ಅಥಣಿಗೆ ಬಂದು, ನಿನ್ನ ಅಣ್ಣನ ಮುಂದೆ ನಿಂತು, ಬುಕ್ಕಿಲ್ಲದೆ ಮಾತಾಡಿ ನಿನ್ನನ್ನು ಕರೆತರುತ್ತೇನೆ.