ಕೆಂಪದೇವಜ್ಜಿಗೆ, ಎರಡನೇ ಕೀಲಿಯ ವಿಚಾರ

ಕೊಳ್ಳೇಗಾಲ
2231ನೇ ಇಸವಿ, ಮಹಾಲಯ ಅಮಾವಾಸ್ಯೆ, ಸೋಮವಾರ

ಅಜ್ಜಿ, ನಾನು ನಿಮ್ಮ ಎಂಟನೇ ತಲೆಮಾರಿನ ಚೆಲುವಾಜಮ್ಮ. ನಮ್ಮ ಕಾಲದ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ಇಲ್ಲಿ ಬದುಕಿರುವವರಿಗೆ ಕಾಗದದಲ್ಲಿ ಬರೆಯುವುದು ಅಪರಾಧ. ಹಿರಿಯರಿಗೆ ಮಾತ್ರ ವರ್ಷಕ್ಕೊಂದು ಹಾಳೆ ಬರೆದು ಎಡೆಯ ಎಲೆಯ ಕೆಳಗೆ ಇಡಬಹುದು. ಸತ್ತವರಿಗೆ ಬರೆದದ್ದನ್ನು ಸರ್ಕಾರವೂ ಓದುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ತಾತ ತೀರಿಕೊಂಡಾಗ ಅವರ ಫೋನು ತೆರೆಯಲಾಗದೆ ಫೋಟೊಗಳೆಲ್ಲ ಒಳಗೇ ಉಳಿದುಹೋದವಂತೆ. ಆಮೇಲೆ ಯಾರೋ ಬಂದು, ನಿಮ್ಮ ಸಂದೇಶಗಳ ಬೀಗಕ್ಕೆ ಎರಡನೇ ಕೀಲಿಯೊಂದನ್ನು ನಮ್ಮಲ್ಲಿಡಿ ಎಂದಾಗ ನೀವು ಹಿಂದೆಮುಂದೆ ನೋಡದೆ ಒಪ್ಪಿದಿರಂತೆ. ಊರಿಗೆ ಹೋಗುವಾಗ ಮನೆ ಕೀಲಿಯನ್ನು ಎದುರುಮನೆ ರುದ್ರಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದವರು ನೀವು, ಇದೂ ಹಾಗೇ ಅಂದುಕೊಂಡಿರಿ. ಆದರೆ ರುದ್ರಮ್ಮನ ಮುಖ ನೀವು ದಿನಾ ನೋಡುತ್ತಿದ್ದಿರಿ. ಈ ಕೀಲಿ ಯಾರ ಸೊಂಟದಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ.

ಈಗ ಅದು ನನ್ನ ಸೊಂಟದಲ್ಲಿದೆ. ನಾನು ಸರ್ಕಾರದ ಕೇಳುಗಿತ್ತಿ. ಅಂದರೆ ನನಗೆ ಹಂಚಿದ ಬೀದಿಯವರ ಮಾತು, ಸಂದೇಶ, ಜಗಳ, ಅಳು ಎಲ್ಲವನ್ನೂ ಕೂತು ಕೇಳುವವಳು. ಇದನ್ನು ಮನೆಯವರಿಗೂ ಹೇಳುವಂತಿಲ್ಲ. ನಾನು ರೇಷ್ಮೆ ಕಚೇರಿಯ ಗುಮಾಸ್ತೆ ಎಂದೇ ಮಗಳು ಇಂಪನಾ ತಿಳಿದಿದ್ದಾಳೆ. ಜನ ಮಾತ್ರ ನಮಗೆ ಒಗ್ಗಿಹೋಗಿದ್ದಾರೆ. ಮಾತು ಮುಗಿಸುವ ಮುನ್ನ ಕೇಳುಗಿತ್ತಿಗೂ ಒಂದು ನಮಸ್ಕಾರ ಹಾಕುವುದು ಈಗ ವಾಡಿಕೆ. "ಕೇಳ್ತಾ ಕುಂತಿರೋ ತಾಯಿ, ನಿಂದು ಊಟ ಆಯ್ತಾ?" ಎಂದು ಮುದುಕರೊಬ್ಬರು ದಿನಾ ವಿಚಾರಿಸುತ್ತಿದ್ದರು. ನಾನು ಉತ್ತರ ಕೊಡುವಂತಿರಲಿಲ್ಲ. ಹನ್ನೊಂದು ವರ್ಷದಿಂದ ಬಿಡುಗಡೆ ಬೇಡುತ್ತಿದ್ದೇನೆ. ಇಷ್ಟೆಲ್ಲ ಕೇಳಿದವಳನ್ನು ಹೊರಗೆ ಬಿಡುವುದು ಹೇಗೆ ಎನ್ನುತ್ತಾರೆ.

ನಿನ್ನೆ ನನಗೆ ಹೊಸ ಬೀದಿ ಹಂಚಿದರು. ಅದು ನಂಜನಗೂಡಿನಲ್ಲಿ ಇಂಪನಾ ಇರುವ ಹಾಸ್ಟೆಲಿನ ಬೀದಿ ಎಂಬುದನ್ನು ಯಾರೂ ಗಮನಿಸಿರಲಿಲ್ಲ. ಮೊದಲ ಗಂಟೆಯಲ್ಲೇ ಅವಳ ದನಿ ಬಂತು, ಗೆಳತಿಗೆ ಹೇಳುತ್ತಿದ್ದಳು: "ಶುಕ್ರವಾರ ಗುಡ್ಡ ದಾಟ್‌ಬುಡ್ತೀನಿ ಕಣೇ. ಆ ಕಡೆ ಯಾವ ಕಿವೀನೂ ಇಲ್ವಂತೆ. ಅವ್ವುಂಗೆ ಮಾತ್ರ ಹೇಳ್‌ಬ್ಯಾಡ, ಪಾಪ, ಹೆದರ್ಕತಳೆ."

ಗುಡ್ಡ ದಾಟುವುದು ಇಲ್ಲಿ ಅಪರಾಧ, ಅಜ್ಜಿ. ಇಂಥ ಮಾತು ಕಿವಿಗೆ ಬಿದ್ದರೆ ಮೂರು ದಿನದೊಳಗೆ ಹೆಸರು ಬರೆದು ಕೊಡಬೇಕು. ಕೊಡದಿದ್ದರೆ ನಾನು ಕೇಳಿದ್ದನ್ನೆಲ್ಲ ಮತ್ತೆ ಕೇಳಿ ನೋಡುವ ಇನ್ನೊಬ್ಬ ಕೇಳುಗಿತ್ತಿ ನಮ್ಮಿಬ್ಬರ ಹೆಸರನ್ನೂ ಕೊಡುತ್ತಾಳೆ, ಆಗ ಗುಡ್ಡದ ದಾರಿಯೂ ಮುಚ್ಚುತ್ತದೆ. ಇವತ್ತು ಹಬ್ಬಕ್ಕೆಂದು ಮಗಳು ಮನೆಗೆ ಬಂದಿದ್ದಾಳೆ. ನನ್ನ ಎದುರಿಗೇ ನಿಂತು ವಡೆ ಕರಿಯುತ್ತಿದ್ದಾಳೆ. ಅಡುಗೆಮನೆಯ ಗೋಡೆಗೂ ಸರ್ಕಾರದ ಕಿವಿ ಇಟ್ಟಿದ್ದಾರೆ, ನಾನು ಬಾಯಿ ಬಿಡಲಾರೆ.

ಇನ್ನು ಸ್ವಲ್ಪ ಹೊತ್ತಿಗೆ ನಿಮಗೆ ಎಡೆ ಇಟ್ಟು ಕೋಣೆಯ ಬಾಗಿಲು ಹಾಕುತ್ತೇವೆ. ನೀವು ಉಂಡ ಮೇಲೆ ಒಬ್ಬಳೇ ಒಳಗೆ ಹೋಗಿ ಎಲೆ ಎತ್ತುವುದು ಮನೆಮಗಳ ಕೆಲಸ. ತಪ್ಪು ತಿಳಿಯಬೇಡಿ ಅಜ್ಜಿ, ಈ ಓಲೆ ನಿಮಗಲ್ಲ.

ಇಂಪನಾ, ಶುಕ್ರವಾರದವರೆಗೆ ಕಾಯಬೇಡ ಮಗಳೇ, ನಾಳೆಯೇ ಗುಡ್ಡ ದಾಟು. ಇದನ್ನು ಒಲೆಗೆ ಹಾಕಿ, ಕಣ್ಣೊರೆಸಿಕೊಂಡು ಊಟಕ್ಕೆ ಬಾ. ಏನೂ ಗೊತ್ತಿಲ್ಲದವಳ ಹಾಗೆ ಬಡಿಸುತ್ತೇನೆ. ಬುಧವಾರ ಬೆಳಿಗ್ಗೆ ನಿನ್ನ ಹೆಸರನ್ನು ನಾನೇ ಬರೆದು ಕೊಡುತ್ತೇನೆ.